ಲೇಬಲ್ ಇಲ್ಲದ ತಟ್ಟೆಗಳು

ಗ್ರಾಮಫೋನ್ ರೆಕಾರ್ಡಿಗೆ ನಮ್ಮ ಕಡೆ ತಟ್ಟೆ ಅಂತಲೇ ಹೇಳುತ್ತಿದ್ದರು. ಪ್ಲೇಟು ಅಂದರೂ ನಡೆಯುತ್ತಿತ್ತು. ಮದುವೆ ಚಪ್ಪರಕ್ಕೆ ಮೈಕಿನವ ಬಂದನೆಂದರೆ ಮಕ್ಕಳೆಲ್ಲ ಅವನ ಪೆಟ್ಟಿಗೆಯ ಸುತ್ತ ನೆರೆದು, 'ತಟ್ಟೆ ಹಾಕು ಮಾರಾಯ' ಎಂದು ಪೀಡಿಸುತ್ತಿದ್ದೆವು. ಹಾಗಾಗಿ ನನ್ನ ಸೋದರಮಾವ ತನ್ನ ಮುಂಬಯಿ ಬದುಕನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದುದು ನಮಗೆ ಕೂಡಲೇ ಅರ್ಥವಾಗುತ್ತಿತ್ತು. "ತಟ್ಟೆ ತೊಳೀಲಿಕ್ಕೆ ಬಂದವ ನಾನು. ತಟ್ಟೆ ಒಟ್ಟು ಮಾಡ್ತಾ ಕೂತೆ."

ಮಾವ ಉಡುಪಿ ಕಡೆಯಿಂದ ಮುಂಬಯಿಗೆ ಬಂದದ್ದು 1961ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ದುಡಿತ, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಹೋಟೆಲಿನ ಮೇಜುಗಳನ್ನೇ ಜೋಡಿಸಿ ನಿದ್ದೆ. ಆ ಕಾಲದಲ್ಲಿ ಮುಂಬಯಿಗೆ ಬಂದ ನಮ್ಮ ನೂರಾರು ಹುಡುಗರ ಕಥೆ ಇದೇ. ಅದನ್ನು ಬರೆದವರೂ ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅದೇ ಹುಡುಗ ಮಲಗುವ ಮೇಜಿನ ಕೆಳಗೆ ಇಟ್ಟುಕೊಂಡಿದ್ದ ತಗಡಿನ ಟ್ರಂಕಿನ ವಿಷಯ. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ ಇತ್ತು, ಮಿಕ್ಕಿದ್ದೆಲ್ಲ ಏಳಿಂಚಿನ ಪುಟ್ಟ ತಟ್ಟೆಗಳು. ಅವುಗಳಲ್ಲಿ ಹೆಚ್ಚಿನವು ಗಿಟಾರು, ಡ್ರಮ್ಮು ಬಾರಿಸಿಕೊಂಡು ಇಂಗ್ಲಿಷಿನಲ್ಲಿ ಹಾಡುವ ಹುಡುಗರ ತಂಡಗಳದ್ದು. ಅವನ ಹತ್ತಿರ ಅದನ್ನು ನುಡಿಸುವ ಯಂತ್ರವೇ ಇರಲಿಲ್ಲ!

ಯಂತ್ರವಿಲ್ಲದೆ ರೆಕಾರ್ಡಿನ ಹುಚ್ಚು ಹಿಡಿಯುವುದು ಹೇಗೆ? ಉತ್ತರ ಇರಾನಿ ಹೋಟೆಲಿನಲ್ಲಿದೆ. ಊರಿನಲ್ಲಿರುವ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1960ರ ದಶಕದ ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಕೆಲವೆಡೆ ಜೂಕ್‌ಬಾಕ್ಸ್ ಎಂಬ ದೊಡ್ಡ ಪೆಟ್ಟಿಗೆ ಇರುತ್ತಿತ್ತು. ನಾಲ್ಕಾಣೆ ಹಾಕಿ ಗುಂಡಿ ಒತ್ತಿದರೆ, ಒಳಗೆ ಸಾಲಾಗಿ ನಿಂತ ತಟ್ಟೆಗಳಿಂದ ನೀವು ಬಯಸಿದ್ದನ್ನು ಯಂತ್ರದ ಕೈ ಎತ್ತಿ ತಿರುಗಣಿಗೆ ಇಡುತ್ತಿತ್ತು. ಅಮೆರಿಕದಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳಿಂಚಿನ ವಿನೈಲ್ ತಟ್ಟೆಯನ್ನು ಹೊರತಂದದ್ದು 1949ರಲ್ಲಿ. ಮರುವರ್ಷವೇ ಸೀಬರ್ಗ್ ಕಂಪನಿ ಅಂಥ 50 ತಟ್ಟೆಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು 100 ಹಾಡು ಕೊಡುವ ಜೂಕ್‌ಬಾಕ್ಸ್ ಮಾಡಿತು. ಹಗುರ, ಒಡೆಯುವುದಿಲ್ಲ, ಒಂದು ಮಗ್ಗುಲಿಗೆ ಒಂದು ಹಾಡು. ಪುಟ್ಟ ತಟ್ಟೆಯೂ ನಾಣ್ಯದ ಪೆಟ್ಟಿಗೆಯೂ ಒಂದಕ್ಕೊಂದು ಹೇಳಿ ಮಾಡಿಸಿದಂತಿದ್ದವು.

ಎರಡು ಬಾಡಿಗೆ ಮನುಷ್ಯರ ನಡುವೆ ಒಂದು ಕೋಣೆ, ಅದರಲ್ಲೂ ಸರದಿಯ ಮೇಲೆ ನಿದ್ದೆ ಎಂಬ ಊರಿನಲ್ಲಿ ಯಾರ ಮನೆಯಲ್ಲಿ ರೇಡಿಯೋಗ್ರಾಮ್ ಇಟ್ಟಾರು? ಜೂಕ್‌ಬಾಕ್ಸ್ ಎಂದರೆ ಮನೆಯಿಲ್ಲದವರ ಗ್ರಾಮಫೋನು. ಮಾವ ವಾರದ ರಜೆಯ ದಿನ ಒಂದು ಚಹಾ, ಒಂದು ಹಾಡು ಎಂದು ಲೆಕ್ಕ ಹಾಕಿಕೊಂಡು ಧೋಬಿ ತಲಾವ್ ಕಡೆ ಹೋಗುತ್ತಿದ್ದನಂತೆ. ನಾಲ್ಕಾಣೆ ಇಲ್ಲದ ದಿನ ಬೇರೆಯವರ ನಾಲ್ಕಾಣೆಗೆ ಕಾಯುವುದು. ಹಾಡು ಹಳೆಯದಾಗಿ ಬೇಡಿಕೆ ಕುಗ್ಗಿದಾಗ ಪೆಟ್ಟಿಗೆಯಿಂದ ತೆಗೆದ ತಟ್ಟೆಗಳು ಚಿಲ್ಲರೆ ಕಾಸಿಗೆ ಹೊರಬೀಳುತ್ತಿದ್ದವು. ಜೂಕ್‌ಬಾಕ್ಸಿನ ತಿರುಗಣಿಗೆ ಕೂರಲೆಂದು ನಡುವಿನ ತಿರುಳನ್ನು ಕಿತ್ತು ಅಗಲ ತೂತು ಮಾಡಿದ, ಗೀರು ಬಿದ್ದ ಆ ತಟ್ಟೆಗಳೇ ಮಾವನ ಮೊದಲ ಸಂಗ್ರಹ.

ಈ ತಟ್ಟೆಗಳ ಹಿಂದೆ ಎಂಥ ಚರಿತ್ರೆ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಪುಟ್ಟ ತಟ್ಟೆಗಿಂತ ಮೊದಲಿನದ್ದು ದೊಡ್ಡ ತಟ್ಟೆ, ನಿಮಿಷಕ್ಕೆ 78 ಸುತ್ತಿನದು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ, ಪಾಂಡವರನ್ನು ಸುಡಲೆಂದು ಕಟ್ಟಿದ ಮನೆಯ ಅದೇ ಅರಗಿನಿಂದ. ನಮ್ಮ ದೇಶದ ಕಾಡಿನ ಮರಗಳಲ್ಲಿ ಅರಗಿನ ಹುಳ ಬಿಟ್ಟ ಅಂಟು ಹಡಗು ಹತ್ತಿ ಹೋಗಿ, ಹಾಡಾಗಿ ತಿರುಗಿ ಬರುತ್ತಿತ್ತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಮುದ್ರಿಕೆ ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಯಾಗಿ, ಮತ್ತೆ ಇಲ್ಲಿಗೆ ಬಂತು. ಹ್ಯಾನೋವರ್‌ನ ಕಾರ್ಖಾನೆಯವನಿಗೆ ಹಾಡಿದವರು ಯಾರೆಂದು ತಿಳಿಯುವುದು ಹೇಗೆ? ಅದಕ್ಕೆಂದೇ ಹಾಡು ಮುಗಿದ ಕೂಡಲೇ ಗಾಯಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುವ ರೂಢಿ ಬಂತು. ಹೆಸರು ಲೇಬಲ್ಲಿನ ಮೇಲೆ ಮಾತ್ರವಲ್ಲ, ಗೆರೆಯ ಒಳಗೂ ಇತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

1908ರಲ್ಲಿ ಕಲ್ಕತ್ತಾದಲ್ಲೇ ಕಾರ್ಖಾನೆಯಾಯಿತು, ಮುಂದೆ ಅದು ದಮ್‌ದಮ್‌ಗೆ ಹೋಯಿತು. ತಟ್ಟೆ ಒತ್ತುವುದು ಬಂಗಾಳದಲ್ಲಾದರೂ ನಮ್ಮ ಕಡೆಯವರು ಹಾಡಲು ಹೋಗುತ್ತಿದ್ದದ್ದು ಮುಂಬಯಿಗೆ. ಗಂಗೂಬಾಯಿ ಹಾನಗಲ್ 1932ರಲ್ಲಿ ಎಚ್‌ಎಂವಿಗೆ ಹಾಡಲು ಹುಬ್ಬಳ್ಳಿಯಿಂದ ಬಂದದ್ದು ಇದೇ ಊರಿಗೆ. ಆಗ ಲೇಬಲ್ಲಿನ ಮೇಲೆ ಅಚ್ಚಾದ ಹೆಸರು ಗಂಗೂಬಾಯಿ ಅಲ್ಲ, ಹುಬ್ಬಳ್ಳಿಯ ಮಿಸ್ ಗಾಂಧಾರಿ! ಮಲ್ಲಿಕಾರ್ಜುನ ಮನ್ಸೂರರಿಗೂ ಎಚ್‌ಎಂವಿಯ ನಂಟು ಗಾಢವಾಗಿತ್ತು. ಅಲ್ಲಿ ಸಂಗೀತ ನಿರ್ದೇಶಕರಾಗಿಯೂ ಅವರು ದುಡಿದವರು. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಓಡಿದ್ದಕ್ಕೆ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆಯೇ ಪ್ರೇರಣೆ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. 1940ರ ದಶಕದ ಆರಂಭದಲ್ಲಿ ಬಂದ ಅವರ ಮೊದಲ ಎಚ್‌ಎಂವಿ ಮುದ್ರಿಕೆಯಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ತಟ್ಟೆ ಕೇಳಿ ಮನೆ ಬಿಟ್ಟವರು ತಟ್ಟೆಯಾಗಿ ಊರಿಗೆ ಮರಳಿದರು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ. 1930ರ ದಶಕದಲ್ಲಿ ಮುಂಬಯಿಗೆ ಬಂದು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದ ಮೇಲೆ ಕನ್ನಡದಲ್ಲಿ ಆ ಹೆಸರು ಮತ್ತೆ ಜೀವ ಪಡೆದಿದೆ. ಲೇಬಲ್ಲಿನ ಮೇಲೆ ಅವರ ಹೆಸರು ಅಮೀರ್‌ಬಾಯಿ ಕರ್ನಾಟಕಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲೇ ಮುಂಬಯಿಯಲ್ಲಿ ನೆಲೆಸಿದ್ದ ಒಬ್ಬ ಹೆಣ್ಣುಮಗಳು ಆ ಹೆಸರನ್ನು ಅರಗಿನ ತಟ್ಟೆಯ ನಡುವೆ ಅಚ್ಚು ಹಾಕಿಸಿ ಪೇಶಾವರದಿಂದ ಮದರಾಸಿನವರೆಗೆ ಹಂಚಿಬಿಟ್ಟಿದ್ದರು. ಊರು ಬಿಟ್ಟವರೇ ಊರಿನ ಹೆಸರನ್ನು ಹೀಗೆ ಜತನ ಮಾಡುವುದು.

ಈಗ ಪುಟ್ಟ ತಟ್ಟೆಗೆ ಬರೋಣ. ಭಾರತದಲ್ಲಿ ಹೊಸತು ಬಂದಾಗ ಹಳತು ಕೂಡಲೇ ಹೋಗುವುದಿಲ್ಲವಷ್ಟೆ. ವಿದೇಶದಲ್ಲಿ 78ರ ಕಾಲ ಮುಗಿದ ಮೇಲೂ ನಮ್ಮಲ್ಲಿ ಅದು ನಡೆದೇ ಇತ್ತು. ಕರೆಂಟಿಲ್ಲದ ಹಳ್ಳಿಗಳಲ್ಲಿ ಕೈಯಿಂದ ಕೀಲಿ ಕೊಡುವ ಗ್ರಾಮಫೋನುಗಳಿಗೆ ಬೇರೆ ತಟ್ಟೆ ಆಗಿಬರುತ್ತಿರಲಿಲ್ಲ. ಹೀಗಾಗಿ 1960ರ ದಶಕದಲ್ಲಿ ದಮ್‌ದಮ್ ಕಾರ್ಖಾನೆ ಬೀಟಲ್ಸ್ ಹಾಡುಗಳನ್ನೂ 78ರಲ್ಲಿ ಒತ್ತಿಬಿಟ್ಟಿತು. ಇಂದು ಜಗತ್ತಿನ ಬೀಟಲ್ಸ್ ಸಂಗ್ರಾಹಕರು ಆ ಭಾರತದ ತಟ್ಟೆಗಳಿಗಾಗಿ ಮುಗಿಬೀಳುತ್ತಾರೆ. ನಮ್ಮ ಬಡತನ ಅವರಿಗೆ ಅಪರೂಪದ ವಸ್ತು.

ಬೀಟಲ್ಸ್‌ಗೂ ಮುಂಬಯಿಗೂ ಇನ್ನೊಂದು ಗಂಟು ಇದೆ. 1968ರ ಜನವರಿಯಲ್ಲಿ ಜಾರ್ಜ್ ಹ್ಯಾರಿಸನ್ ಒಂದು ಚಲನಚಿತ್ರದ ಸಂಗೀತಕ್ಕಾಗಿ ಫೋರ್ಟ್‌ನ ಎಚ್‌ಎಂವಿ ಸ್ಟುಡಿಯೋಕ್ಕೆ ಬಂದಿದ್ದಾಗ, ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು 'ದಿ ಇನ್ನರ್ ಲೈಟ್' ಎಂಬ ಹಾಡಿನ ವಾದ್ಯಭಾಗವನ್ನೂ ಮುದ್ರಿಸಿಕೊಂಡರು. ಲಂಡನ್ನಿನಲ್ಲಿ ದನಿ ಸೇರಿಸಿ, ಮಾರ್ಚಿನಲ್ಲಿ 'ಲೇಡಿ ಮಡೋನಾ' ತಟ್ಟೆಯ ಹಿಂಬದಿಗೆ ಅದನ್ನು ಹಾಕಿದರು. ಆ ತಟ್ಟೆಯನ್ನು ಮಗುಚಿ ಹಾಕಿದವರೆಲ್ಲ ಕೇಳಿದ್ದು ಫೋರ್ಟ್‌ನಲ್ಲಿ ನುಡಿಸಿದ ವಾದ್ಯಗಳನ್ನು. ಅದೇ ಫೋರ್ಟ್‌ನಲ್ಲಿ ಆ ಹೊತ್ತಿಗೆ ಮಾವ ಮೇಜು ಒರೆಸುತ್ತಿದ್ದ. "ನಂಗೆ ಗೊತ್ತಿದ್ರೆ ಒಂದು ಚಾ ತಕ್ಕೊಂಡು ಹೋಗ್ತಿದ್ದೆ" ಎಂದು ಎಷ್ಟೋ ಸಲ ಹೇಳಿದ್ದಾನೆ.

ಬೀಟಲ್ಸ್ ಕೇಳಿ ಕೆಟ್ಟ ಹುಡುಗರು ನಮ್ಮ ದೇಶದಲ್ಲೂ ಊರೂರಲ್ಲಿ ಹುಟ್ಟಿಕೊಂಡರು. ಇಂದಿನವರು ಆಲ್ಟರ್ನೇಟಿವ್ ಬ್ಯಾಂಡ್ ಎನ್ನುವುದಕ್ಕೆ ಆಗ ಬೀಟ್ ಗ್ರೂಪ್ ಎಂದು ಹೆಸರು. ಸಿನಿಮಾ ಹಾಡೇ ಹೆದ್ದಾರಿಯಾಗಿರುವ ದೇಶದಲ್ಲಿ ಸಿನಿಮಾದ ಹೊರಗಿನದ್ದೆಲ್ಲ ಕಾಲುದಾರಿಯೇ. ಒಂದು ಸಿಗರೇಟು ಕಂಪನಿ ತನ್ನ ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕೆಂದು ಈ ತಂಡಗಳಿಗೆ ಅಖಿಲ ಭಾರತ ಸ್ಪರ್ಧೆ ಇಟ್ಟಿತು. ಸಿಮ್ಲಾ ಬೀಟ್ ಎಂಬ ಆ ಸ್ಪರ್ಧೆ ಮುಂಬಯಿಯ ಷಣ್ಮುಖಾನಂದ ಸಭಾಗೃಹದಲ್ಲಿ ನಡೆಯುತ್ತಿತ್ತು. ಕರ್ನಾಟಕ ಸಂಗೀತಕ್ಕೆಂದು ದಕ್ಷಿಣದವರು ಕಟ್ಟಿ 1963ರಲ್ಲಿ ಬಾಗಿಲು ತೆರೆದ ಸಭಾಗೃಹ ಅದು. ತಂಬೂರಿ ಇಳಿಸಿದ ವೇದಿಕೆಗೆ ಗಿಟಾರು ಏರಿತು. ಶಿಲ್ಲಾಂಗಿನ ಫೆನ್‌ಟೋನ್ಸ್, ಮದರಾಸಿನ ಕನ್‌ಫ್ಯೂಷನ್ಸ್, ಮುಂಬಯಿಯವರೇ ಆದ ವೆಲ್ವೆಟ್ ಫಾಗ್ ಹೀಗೆ ತಂಡಗಳು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಎರಡು ದೊಡ್ಡ ವಿನೈಲ್ ತಟ್ಟೆಗಳಾಗಿ ಬಂದವು. ಹಾಡಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಅದೊಂದೇ ಮುದ್ರಣ.

ಮುಂಬಯಿಯಲ್ಲಿ ಸ್ಯಾವೇಜಸ್ ಎಂಬ ತಂಡಕ್ಕೆ ಹೆಸರಿತ್ತು. ಅದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಪ್ರಭಾಕರ ಮುಂಡ್ಕೂರ್ ಎಂದು ತಿಳಿದ ದಿನ ಮಾವ ಪಟ್ಟ ಸಂಭ್ರಮ ಹೇಳತೀರದು. "ಮುಂಡ್ಕೂರು ಅಂದ್ರೆ ನಮ್ಮ ಕಾರ್ಕಳ ತಾಲೂಕು ಮಾರಾಯ!" ತಟ್ಟೆಯ ಮೇಲೆ ತಂಡದ ಹೆಸರಷ್ಟೇ ಇರುತ್ತದೆ, ಅದರ ಹಿಂದೆ ಯಾವ ಊರಿನ ಅಡ್ಡಹೆಸರು ಅಡಗಿದೆಯೋ ಯಾರಿಗೆ ಗೊತ್ತು.

ಇನ್ನು ಬಿದ್ದು. ಕೊಡಗಿನ ಮನೆತನದ, ಬೆಂಗಳೂರಿನಲ್ಲಿ ಬೆಳೆದ ಬಿದ್ದು ಅಪ್ಪಯ್ಯ ಅಲ್ಲಿ ಟ್ರೋಜನ್ಸ್ ಎಂಬ ತಂಡದಲ್ಲಿದ್ದು, ತಂಡ ಒಡೆದ ಮೇಲೆ ಒಬ್ಬನೇ ಮುಂಬಯಿಗೆ ಬಂದು ಹಾಡಿದವರು. 1967ರಲ್ಲಿ ಇಂಗ್ಲೆಂಡಿಗೆ ಹೊರಟುಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಗೆ ಅವರು ಮಾಡಿಕೊಟ್ಟ ಪುಟ್ಟ ತಟ್ಟೆಯ ಹಿಂಬದಿಗೆ ಏನಾದರೊಂದು ಬೇಕಿತ್ತು. ಸ್ಟುಡಿಯೋದ ಸಮಯ ಮುಗಿಯುವ ಮುನ್ನ ಅವಸರದಲ್ಲಿ ಹಾಡಿದ 'ಕುಂಗ್ ಫೂ ಫೈಟಿಂಗ್' ಅದು. ಕಂಪನಿಯವರು ಕೇಳಿ, ಹಿಂಬದಿಯನ್ನೇ ಮುಂಬದಿ ಮಾಡಿದರು. ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲನೆಯ ಸ್ಥಾನಕ್ಕೆ ಏರಿ, ಕೋಟಿಯ ಲೆಕ್ಕದಲ್ಲಿ ಮಾರಾಟವಾಯಿತು. ಬೆಂಗಳೂರು ಬಿಟ್ಟ ಹುಡುಗನ ಹೆಸರು ಅದರ ಲೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಮಾವನ ತಟ್ಟೆ ಸಂಗ್ರಹದಲ್ಲಿ ಅದು ಮೂರು ಪ್ರತಿ ಇತ್ತು. ಯಾಕೆ ಮೂರು ಎಂದರೆ, "ನಮ್ಮವನದ್ದು ಗುಜರಿಯಲ್ಲಿ ಬಿದ್ದುಕೊಂಡಿದ್ರೆ ನೋಡ್ಲಿಕ್ಕಾಗುದಿಲ್ಲ" ಎನ್ನುತ್ತಿದ್ದ.

ಇಂಗ್ಲಿಷ್ ಬಾರದ ಹೋಟೆಲಿನ ಹುಡುಗನಿಗೆ ಈ ಹಾಡುಗಳಲ್ಲಿ ಏನು ಕಂಡಿತು? ಒಮ್ಮೆ ಕೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಆ ಹುಡುಗರದ್ದೂ ಮನೆಭಾಷೆ ಬೇರೆಯೇ ಅಲ್ವಾ? ಕೊಂಕಣಿಯೋ ಗುಜರಾತಿಯೋ ಎಂತದೋ. ಅವರು ಹೆದರದೆ ಹಾಡಿದ್ರು. ನಂಗೂ ಗಲ್ಲಾದಲ್ಲಿ ಕೂತು ಇಂಗ್ಲಿಷ್ ಮಾತಾಡುವ ಧೈರ್ಯ ಅಲ್ಲಿಂದ ಬಂತು." ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವನ್ನು ಅವನೂ ಹುಡುಕಲಿಲ್ಲ, ನಾನೂ ಹುಡುಕಿಲ್ಲ.

ರಾತ್ರಿಶಾಲೆಯಲ್ಲಿ ಎಸ್‌ಎಸ್‌ಸಿ ಮುಗಿಸಿದ ಮಾವ ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತನಾದ. ಮದುವೆಯಾಯಿತು. ಕಾಲಿನಾದ ಚಾಳಿನಲ್ಲಿ ನೆಲಮಹಡಿಯ ಒಂದು ಖೋಲಿ, ಕೊನೆಗೂ ಒಂದು ರೆಕಾರ್ಡ್ ಪ್ಲೇಯರ್. ಅದು ಅವನ ಸುಖದ ಕಾಲ. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದ ಆ ಮುಷ್ಕರ ಮುಗಿಯಿತು ಎಂದು ಯಾರೂ ಹೇಳಲೇ ಇಲ್ಲ, ಗಿರಣಿಗಳೇ ಮುಗಿದವು. ಮಗಳ ಶಾಲೆಯ ಫೀಸಿಗೆ ಮಾವ ಪ್ಲೇಯರನ್ನು ಮಾರಿದ. ತಟ್ಟೆಗಳನ್ನು ಮಾರಲಿಲ್ಲ. ಮಾರಿದರೂ ಕೊಳ್ಳುವವರಿರಲಿಲ್ಲ ಎನ್ನಿ.

ಏಕೆಂದರೆ ಅಷ್ಟರಲ್ಲಿ ಕ್ಯಾಸೆಟ್ಟು ಬಂದಾಗಿತ್ತು. ಕನ್ನಡದಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲೇ ಹೊರಬಂದಿತ್ತು. ಭಾವಗೀತೆಯೆಂಬ ನಮ್ಮ ಕಾಲುದಾರಿಗೆ ಕ್ಯಾಸೆಟ್ಟು ಡಾಂಬರು ಹಾಕಿಸಿತು. ಮುಂಬಯಿಯ ರಾಕ್ ಹುಡುಗರೂ ಕ್ಯಾಸೆಟ್ಟಿಗೇ ಹೊರಳಿದರು. ಮಧ್ಯಮವರ್ಗದ ಮನೆಗಳಿಂದ ತಟ್ಟೆಗಳು ರದ್ದಿಯವನ ತಕ್ಕಡಿಗೆ ಹೋದವು. ಆ ತಕ್ಕಡಿಯಿಂದ ಚೋರ್ ಬಜಾರಿಗೆ.

ನಾನು 1988ರಲ್ಲಿ ಕೆಲಸ ಹುಡುಕಿಕೊಂಡು ಬಂದು ಮಾವನ ಖೋಲಿಯಲ್ಲಿ ಚಾಪೆ ಹಾಸಿದೆ. ಶುಕ್ರವಾರ ನಸುಕಿಗೆ ಅವನು ನನ್ನನ್ನು ಎಬ್ಬಿಸಿ ಮಟನ್ ಸ್ಟ್ರೀಟಿಗೆ ಕರೆದೊಯ್ಯುತ್ತಿದ್ದ. ನಮಾಜಿನ ದಿನ ಅಲ್ಲಿ ಬೀದಿಯ ಮೇಲೆಯೇ ಸರಕು ಹಾಸುವ ಬಜಾರು. ತುಕ್ಕು ಹಿಡಿದ ಸ್ಪ್ಯಾನರ್, ಮುರಿದ ಗೊಂಬೆ, ಅವುಗಳ ನಡುವೆ ಗೋಣಿಯ ಮೇಲೆ ತಟ್ಟೆಗಳ ರಾಶಿ, ಒಂದಕ್ಕೆ ಎರಡು ರೂಪಾಯಿ. ತಟ್ಟೆ ನೋಡುವುದನ್ನು ಮಾವ ಕಲಿಸಿದ್ದು ಅಲ್ಲೇ. ಬೆಳಕಿಗೆ ಓರೆಯಾಗಿ ಹಿಡಿಯಬೇಕು; ಗೀರು ಕಣ್ಣಿಗೆ ಕಂಡರೆ ಸಾಲದು, ಉಗುರಿಗೆ ಸಿಕ್ಕಿದರೆ ಮಾತ್ರ ಮುಳ್ಳು ಎಗರುತ್ತದೆ. ಅಂಚಿನಿಂದ ಎತ್ತಬೇಕು, ಬೆರಳಿನ ಎಣ್ಣೆ ಗೆರೆಗೆ ತಾಗಬಾರದು. ಒಂದರ ಮೇಲೊಂದು ಮಲಗಿಸಿಡಬಾರದು, ಪುಸ್ತಕದಂತೆ ನಿಲ್ಲಿಸಬೇಕು. ವಿನೈಲನ್ನು ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ರಾಶಿಯಲ್ಲಿ ಬೀಟ್ ತಂಡ ಹುಡುಕುತ್ತಿದ್ದ ಮಾವನ ಕೈಗೆ ನಡುನಡುವೆ ಕನ್ನಡ ತಟ್ಟೆಯೂ ಸಿಗುತ್ತಿತ್ತು. ಪಿ. ಕಾಳಿಂಗರಾಯರದ್ದು, ಯಾವುದೋ ನಾಟಕದ್ದು, ದಾಸರ ಪದದ್ದು. ಯಾವ ಮನೆಯಿಂದ ಬಂದಿರಬಹುದು ಎಂದು ಇಬ್ಬರೂ ನೋಡುತ್ತಿದ್ದೆವು. ಸಾಮಾನ್ಯವಾಗಿ ಹಿಂದೆ ಶಾಯಿಯಲ್ಲಿ ಒಂದು ಹೆಸರು ಇರುತ್ತಿತ್ತು, ಮಾಟುಂಗಾ ಎಂದೋ ದಾದರ್ ಎಂದೋ ಇಸವಿ ಸಹಿತ. ಮಕ್ಕಳಿಗೆ ಭಾಷೆ ಬಾರದಾದಾಗ ಮೊದಲು ಹೊರಹೋಗುವುದು ಪುಸ್ತಕ, ಆಮೇಲೆ ತಟ್ಟೆ. ಮಾವ ಚೌಕಾಸಿ ಮಾಡದೆ ಕೊಳ್ಳುತ್ತಿದ್ದದ್ದು ಅವನ್ನು ಮಾತ್ರ.

2005ರ ಜುಲೈ 26. ಆ ದಿನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ ಸುರಿದ ಮಳೆ 944 ಮಿಲಿಮೀಟರು. ಮಿಠಿ ನದಿ ಕಾಲಿನಾಕ್ಕೆ ನುಗ್ಗಿತು. ಮಾವ, ಅತ್ತೆ ಮೇಲಿನ ಮಹಡಿಯವರ ಖೋಲಿಯಲ್ಲಿ ರಾತ್ರಿ ಕಳೆದರು. ನೀರು ಇಳಿದು ನಾನು ಅಲ್ಲಿಗೆ ತಲುಪುವಾಗ ಎರಡು ದಿನವಾಗಿತ್ತು. ಮಂಚದ ಕೆಳಗಿನ ಟ್ರಂಕುಗಳು ಕೆಸರಲ್ಲಿ ಮುಳುಗಿದ್ದವು. ಮುಚ್ಚಳ ತೆರೆದರೆ ಚರಂಡಿಯ ವಾಸನೆ. ಬಣ್ಣದ ಲಕೋಟೆಗಳೆಲ್ಲ ಒಂದಕ್ಕೊಂದು ಅಂಟಿ ಅಂಬಲಿಯಾಗಿದ್ದವು. ಮಾವ ಏನೂ ಹೇಳಲಿಲ್ಲ. ಒಂದೊಂದನ್ನೇ ತೆಗೆದು ನಲ್ಲಿಯ ಕೆಳಗೆ ಹಿಡಿದ. ಸಣ್ಣಂದಿನಲ್ಲಿ ಕಲಿತ ಕೆಲಸ, ಕೈ ಮರೆತಿರಲಿಲ್ಲ.

ಮುನ್ನೂರ ಹನ್ನೊಂದು ತಟ್ಟೆಗಳು. ವಿನೈಲು ನೀರಿಗೆ ಹೆದರುವುದಿಲ್ಲ. ಸೋಪಿನ ತೆಳು ನೀರು, ಮೆತ್ತಗಿನ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಒರೆಸಿ ನೆರಳಲ್ಲಿ ಒಣಗಿಸಿದರೆ ಸಾಕು. ಅರಗಿನವು ಅಷ್ಟು ಗಟ್ಟಿಯಲ್ಲ. ಅವನ್ನು ಬೇಗ ಒಣಗಿಸಬೇಕು, ಸ್ಪಿರಿಟ್ ತಾಗಿಸಿದರಂತೂ ಕರಗಿಯೇ ಹೋಗುತ್ತವೆ. ಅವುಗಳಲ್ಲಿ ಕೆಲವು ಒಡೆದವು, ಉಳಿದವೆಲ್ಲ ಬದುಕಿದವು. ಆದರೆ ಲೇಬಲ್? ಅದು ಕಾಗದ. ಹೆಚ್ಚಿನವುಗಳ ಲೇಬಲ್ ಉಜ್ಜುವಾಗಲೇ ಕಿತ್ತು ಬಂತು. ಸಂಜೆಗೆ ಚಾಳಿನ ಕಟಾಂಜನದ ಉದ್ದಕ್ಕೂ ಕರಿಯ ತಟ್ಟೆಗಳ ಸಾಲು. ಎಲ್ಲವೂ ಒಂದೇ ಥರ. ಯಾವುದು ಕಾಳಿಂಗರಾಯರು, ಯಾವುದು ಬಿದ್ದು, ಯಾವುದು ಬ್ಯಾಂಡಿನ ಹುಡುಗರು ಎಂದು ಕಣ್ಣಿಗೆ ಗೊತ್ತಾಗುವಂತಿರಲಿಲ್ಲ.

ಮುಂದಿನ ಎರಡು ವರ್ಷ ನಮ್ಮ ಭಾನುವಾರಗಳು ಆ ತಟ್ಟೆಗಳಿಗೆ ಹೆಸರು ಹುಡುಕುವುದರಲ್ಲಿ ಹೋದವು. ಹಳೆಯದೊಂದು ಪ್ಲೇಯರ್ ತಂದೆ. ಗೊತ್ತಿರುವ ದನಿಗಳು ಕೂಡಲೇ ಹೆಸರು ಪಡೆದವು. ಗೊತ್ತಿಲ್ಲದವಕ್ಕೆ ಇನ್ನೊಂದು ದಾರಿ ಇತ್ತು. ತಟ್ಟೆಯಲ್ಲಿ ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವೆ ಒಂದು ಬೋಳು ಪಟ್ಟಿ ಇರುತ್ತದೆ. ಅಲ್ಲಿ ಕಾರ್ಖಾನೆಯವರು ಮುದ್ರಿಕೆಯ ಸಂಖ್ಯೆಯನ್ನು ಕೊರೆದಿರುತ್ತಾರೆ. ಬೂದುಗಾಜು ಹಿಡಿದು ಮಾವ ಸಂಖ್ಯೆ ಓದುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಆ ಸಂಖ್ಯೆಗಳನ್ನು ಹಳೆಯ ಕ್ಯಾಟಲಾಗುಗಳಿಗೆ ಹೊಂದಿಸುವವರು ಮುಂಬಯಿಯಲ್ಲಿ ಇದ್ದರು. 1990ರಲ್ಲಿ ಸುರೇಶ್ ಚಾಂದ್ವಣಕರ್ ಮೊದಲಾದವರು ಸೇರಿ ಇಲ್ಲಿ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಕಟ್ಟಿ, 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯನ್ನೂ ತಂದವರು. ಕಂಪನಿಗಳು, ಸರ್ಕಾರಗಳು ಮಾಡಬೇಕಿದ್ದ ಕೆಲಸವನ್ನು ಇಂಥವರು ರಜೆಯ ದಿನಗಳಲ್ಲಿ ಮಾಡಿದ್ದಾರೆ. ನಮ್ಮ ಅರಗಿನ ತಟ್ಟೆಗಳಲ್ಲಿ ಒಂದೆರಡು ಬಹಳ ಹಳೆಯವು. ಅವುಗಳ ವಿಷಯದಲ್ಲಿ ಯಾರ ಸಹಾಯವೂ ಬೇಕಾಗಲಿಲ್ಲ. ಹಾಡು ಮುಗಿದು, ಕರಕರ ಸದ್ದಿನ ನಡುವೆ, ಎಲ್ಲಿಂದಲೋ ಒಬ್ಬ ಹೆಂಗಸು ತನ್ನ ಹೆಸರು ಹೇಳಿ ಹೋದಳು. ಹ್ಯಾನೋವರ್‌ನ ಗುಮಾಸ್ತನಿಗೆಂದು ಕೂಗಿದ ಹೆಸರು ನೂರು ವರ್ಷದ ಮೇಲೆ ಕಾಲಿನಾದ ಗುಮಾಸ್ತನಿಗೆ ಕೇಳಿಸಿತು. ಮಾವ ಮುಳ್ಳು ಎತ್ತಿ ಅದೊಂದು ಮಾತನ್ನು ಮತ್ತೆ ಮತ್ತೆ ಹಾಕಿದ.

ಬ್ಯಾಂಡಿನ ಹುಡುಗರು ಹಾಗೆ ಹೆಸರು ಹೇಳಿರಲಿಲ್ಲ. ಅವರ ಕಾಲಕ್ಕೆ ಲೇಬಲ್ಲಿನ ಮೇಲೆ ಎಲ್ಲರಿಗೂ ನಂಬಿಕೆ ಬಂದಿತ್ತು.

ಅದಾದ ಮೇಲೆ ಲೋಕ ಮತ್ತೊಂದು ಸುತ್ತು ತಿರುಗಿದೆ. ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಹೊಂದಿಸಿ ಹಾಡುವ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ಮುಂಬಯಿಯ ವಿಶಾಲ್-ಶೇಖರ್ ಜೋಡಿಯ ಕಂಪನಿಯಿಂದ. ಗಂಗೂಬಾಯಿ ಬಂದ ದಾರಿಯಲ್ಲೇ, ಎಪ್ಪತ್ತಾರು ವರ್ಷದ ಮೇಲೆ. ಲಾಸ್ ಏಂಜಲೀಸಿನ ನೌ-ಅಗೇನ್ ಕಂಪನಿ 2011ರಲ್ಲಿ 1970ರ ದಶಕದ ಮುಂಬಯಿಯ ಆಟಮಿಕ್ ಫಾರೆಸ್ಟ್ ತಂಡದ ಹಾಡುಗಳನ್ನು ಮತ್ತೆ ವಿನೈಲಿನಲ್ಲಿ ತಂದಿತು. ನಾವು ಗುಜರಿಗೆ ಹಾಕಿದ್ದನ್ನು ಅವರು ಹುಡುಕಿ ಚಿನ್ನದ ಬೆಲೆ ಕೊಟ್ಟರು. 1940ರ ದಶಕದಿಂದ ಕಾಲಾ ಘೋಡಾದಲ್ಲಿದ್ದ ರಿದಮ್ ಹೌಸ್ 2016ರ ಫೆಬ್ರವರಿಯ ಕೊನೆಗೆ ಬಾಗಿಲು ಹಾಕಿತು. ಅಲ್ಲಿ ಕೊಳ್ಳಲು ಹಣವಿಲ್ಲದೆ ಗಾಜಿನ ಹೊರಗೆ ನಿಂತು ಲಕೋಟೆ ನೋಡುತ್ತಿದ್ದ ಮಾವ ಕೊನೆಯ ವಾರ ಹೋಗಿ ಒಳಗೆ ಒಂದು ಸುತ್ತು ಹಾಕಿ ಬಂದ. ಈಗ ಮಾಹಿಮ್‌ನಲ್ಲಿ ಹೊಸ ಹುಡುಗರು ವಿನೈಲ್ ಅಂಗಡಿ ಇಟ್ಟಿದ್ದಾರೆ. 2024ರಲ್ಲಿ ಮುಂಬಯಿ ಪ್ರದೇಶದಲ್ಲೇ ತಟ್ಟೆ ಒತ್ತುವ ಘಟಕವೂ ಮತ್ತೆ ಶುರುವಾಗಿದೆ. ಮಟನ್ ಸ್ಟ್ರೀಟಿನಲ್ಲಿ ಎರಡು ರೂಪಾಯಿ ಎಂದರೆ ನಗುತ್ತಾರೆ.

ಮಾವ 2018ರಲ್ಲಿ ತೀರಿಕೊಂಡ. ಚಾಳು ಪುನರ್ನಿರ್ಮಾಣಕ್ಕೆ ಹೋಗುವುದಿತ್ತು. ಟ್ರಂಕುಗಳು ಮೀರಾ ರೋಡಿನ ನನ್ನ ಮನೆಗೆ ಬಂದವು. ಕಳೆದ ವರ್ಷ ಒಬ್ಬ ವ್ಯಾಪಾರಿ ನೋಡಲು ಬಂದಿದ್ದ. ಲೇಬಲ್ ಇಲ್ಲದ ತಟ್ಟೆಗೆ ಬೆಲೆಯಿಲ್ಲ, ಸಂಗ್ರಾಹಕರು ಮುಟ್ಟುವುದಿಲ್ಲ ಎಂದ. ಅವನ ಮಾತು ಸುಳ್ಳಲ್ಲ. ಇಷ್ಟು ಹೇಳಿ, ಒಂದು ತಟ್ಟೆಯನ್ನು ಎತ್ತಿ, "ಇದರ ಮೇಲೆ ಏನು ಬರೆದಿದೆ?" ಎಂದು ಕೇಳಿದ.

ಹೆಸರು ಸಿಕ್ಕಿದ ತಟ್ಟೆಗಳಿಗೆ ಮಾವ ಹೋಟೆಲಿನ ಹಳೆಯ ಬಿಲ್ ಪುಸ್ತಕದ ಕಾಗದವನ್ನು ದುಂಡಗೆ ಕತ್ತರಿಸಿ, ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದ್ದ. ಬೀಟಲ್ಸ್ ಕೂಡ ಕನ್ನಡದಲ್ಲೇ. ಹೆಸರು ಸಿಗದವು ಐವತ್ತರ ಹತ್ತಿರ ಉಳಿದಿದ್ದವು. ಅವುಗಳನ್ನು ಖಾಲಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಎಲ್ಲಿ ಸಿಕ್ಕಿತು, ಯಾವಾಗ ಎಂದು ನೆನಪಿದ್ದಷ್ಟನ್ನೇ ಬರೆದಿಟ್ಟ. ವ್ಯಾಪಾರಿಯ ಕೈಯಲ್ಲಿದ್ದದ್ದು ಗಿಟಾರಿನ ನಾಲ್ಕು ಹುಡುಗರದ್ದು. ಯಾವ ತಂಡವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದರ ನಡುವಿನ ಕಾಗದವನ್ನು ಅವನಿಗೆ ಓದಿ ಹೇಳಿದೆ.

"ಧೋಬಿ ತಲಾವ್, 1966, ಮಳೆಗಾಲ. ಹಾಡು ಒಳ್ಳೆದುಂಟು."